ದಳವಾಯಿಯ ವರ್ಗಾವಣೆ

ಸತ್ತವರು ಯಾರ ತಂಟೆಗೂ ಬರುವುದಿಲ್ಲ ಎನ್ನುವವರು ರಸ್ತೆ ಕೆಲಸ ಮಾಡಿದವರಲ್ಲ. ನಾನು ಮೂವತ್ತು ವರ್ಷ ಮಾಡಿದ್ದೇನೆ. ಬದುಕಿರುವವರು ಒಂದು ಅರ್ಜಿ ಕೊಟ್ಟು ಸುಮ್ಮನಾಗುತ್ತಾರೆ. ಸತ್ತವರು ಅಡ್ಡ ನಿಂತುಬಿಡುತ್ತಾರೆ. ಅವರಲ್ಲೂ ಪೀಣ್ಯದ ದಳವಾಯಿಯಷ್ಟು ಗಟ್ಟಿಯಾಗಿ ನಿಂತವರನ್ನು ನಾನು ಕಂಡಿಲ್ಲ.

೧. ನಕ್ಷೆಯಲ್ಲಿ ಬಂಡೆ

ಎಪ್ಪತ್ತರ ದಶಕದ ಕೊನೆ. ಪೀಣ್ಯದ ರಾಗಿ ಹೊಲಗಳ ನಡುವೆ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ನಾನು ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರ್. ಬಾಗಲಗುಂಟೆ ಕಡೆಯ ಒಂದು ರಸ್ತೆ ಅಗಲ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಕ್ಷೆಯಲ್ಲಿ ರಸ್ತೆಯ ಅಂಚಿಗೆ ಒಂದು ಚುಕ್ಕೆ, ಅದರ ಪಕ್ಕ 'ಬಂಡೆ' ಎಂದು ಬರೆದಿತ್ತು.

"ತಿಂಗಳ ಕೊನೆಗೆ ಮಂತ್ರಿಗಳು ಬರ್ತಾರೆ. ಅಷ್ಟರಲ್ಲಿ ಆ ಬಂಡೆ ಅಲ್ಲಿರಬಾರದು. ಅದು ಅಲ್ಲಿದ್ರೆ ನೀವು ಬೀದರ್‌ನಲ್ಲಿರ್ತೀರಿ" ಎಂದರು ನಮ್ಮ ಸಾಹೇಬರು. ನನ್ನ ಹೆಂಡತಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ಮೂರು ತಿಂಗಳ ಕೂಸು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೋಗಿ ನೋಡಿದರೆ ಬಂಡೆಯಲ್ಲ, ಎದೆಯೆತ್ತರದ ವೀರಗಲ್ಲು. ಕೆಳಗೆ ಕುದುರೆಯ ಮೇಲೆ ಕತ್ತಿ ಹಿಡಿದ ವೀರ, ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಅಪ್ಸರೆಯರಿಗೆಲ್ಲ ಯಾರೋ ಕುಂಕುಮ ಇಟ್ಟಿದ್ದರು. ಇನ್ಯಾರೋ ಕಲ್ಲಿಗೆ ಸರಪಳಿ ಸುತ್ತಿ ಸೈಕಲ್ಲಿಗೆ ಬೀಗ ಹಾಕಿದ್ದರು. ಅಷ್ಟರಲ್ಲಿ ಊರ ಗೌಡರು ಬಂದರು. ಹೊಲದ ಅರ್ಧ ಕಾರ್ಖಾನೆಗಳಿಗೆ ಹೋಗಿ, ಉಳಿದರ್ಧದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದವರು.

"ಇದು ದಳವಾಯಪ್ಪ ಸಾರ್. ಯುದ್ಧದಲ್ಲಿ ಬಿದ್ದಿದ್ದು ಇಲ್ಲೇ. ಒಂದು ಗೇಣು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಪ್ರಾಣ ಬಿಟ್ಟ ಜಾಗ, ಕದಲ್ಸಂಗಿಲ್ಲ."

"ಯಾರ ಜೊತೆ ಯುದ್ಧ ಗೌಡ್ರೇ?"

"ಅದು ಗೊತ್ತಿಲ್ಲ."

"ಯಾವ ರಾಜನ ಕಡೆಯವರು?"

"ಅದೂ ಗೊತ್ತಿಲ್ಲ."

"ದಳವಾಯಿ ಹೆಸರು?"

ಗೌಡರಿಗೆ ಸಿಟ್ಟು ಬಂತು. "ನೀವು ರಸ್ತೆ ಮಾಡಕ್ಕೆ ಬಂದಿದ್ದೀರೋ, ಸೆನ್ಸಸ್ ಬರ್ಕೊಳ್ಳಕ್ಕೋ?"

೨. ಮೊದಲ ಪೀಸು

ಗೌಡರೊಬ್ಬರೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅಕ್ಕಪಕ್ಕದ ಶೆಡ್ಡಿನವರೂ ದಳವಾಯಿಯ ಭಕ್ತರು. ಹೊಸ ಲೇತ್ ಬಂದರೆ ಅದರಲ್ಲಿ ಕಡೆದ ಮೊದಲ ಪೀಸು ದಳವಾಯಿಗೆ ಸಲ್ಲಬೇಕು ಎಂಬುದು ಅವರೇ ಮಾಡಿಕೊಂಡ ಪದ್ಧತಿ. ಕತ್ತಿ ಹಿಡಿದವನಲ್ಲವೇ, ಕಬ್ಬಿಣದ ಬೆಲೆ ಅವನಿಗೆ ಗೊತ್ತು ಎಂದು ಅವರ ವಾದ. ಹಾಗಾಗಿ ಕಲ್ಲಿನ ಬುಡದಲ್ಲಿ ಹೂವಿಗಿಂತ ಬೋಲ್ಟು, ಬುಷ್ಷು, ವಾಷರುಗಳೇ ಹೆಚ್ಚು.

ಒಂದು ಬೆಳಿಗ್ಗೆ ನಾನು ಟೇಪು ಹಿಡಿದು ಅಳೆಯುತ್ತಿದ್ದಾಗ ಒಬ್ಬ ಶೆಡ್ಡಿನ ಮಾಲೀಕರು ಓಡಿ ಬಂದರು. ಹಿಂದಿನ ದಿನವಷ್ಟೇ ತೆಂಗಿನಕಾಯಿ ಒಡೆದು ಹೊಸ ಶಾಫ್ಟ್ ಒಪ್ಪಿಸಿ ಹೋಗಿದ್ದವರು. ಚಪ್ಪಲಿ ಬಿಟ್ಟು, ಗಲ್ಲ ಗಲ್ಲ ಬಡಿದುಕೊಂಡು, ಆ ಶಾಫ್ಟನ್ನು ಎತ್ತಿ ಪಂಚೆಯಲ್ಲಿ ಒರೆಸತೊಡಗಿದರು.

"ಏನ್ ಸಾರ್, ದೇವರಿಗೆ ಕೊಟ್ಟಿದ್ದನ್ನ ವಾಪಸ್ ತಗೋತಿದ್ದೀರಿ?" ಎಂದೆ.

"ದೊಡ್ಡ ಫ್ಯಾಕ್ಟರಿ ಇನ್ಸ್‌ಪೆಕ್ಟರು ಸ್ಯಾಂಪಲ್ ನೋಡಕ್ಕೆ ಬಂದು ಕೂತವ್ರೆ. ಇದಾದ್ಮೇಲೆ ಮಾಡಿದ ನಲವತ್ತು ಪೀಸಲ್ಲಿ ಒಂದೂ ಅಳತೆಗೆ ಬರ್ಲಿಲ್ಲ ಕಣ್ರೀ. ಸರಿಯಾಗಿ ಬಂದಿದ್ದು ಇದೊಂದೇ!"

೩. ಜಾಯಿನಿಂಗ್ ಟೈಮು

ಜಾಲಹಳ್ಳಿ ಕಡೆಯ ಒಬ್ಬ ನಿವೃತ್ತ ಸುಬೇದಾರರು ದಿನಾ ವಾಕಿಂಗ್ ಬಂದು ಕಲ್ಲಿನ ಮುಂದೆ ಸೆಲ್ಯೂಟ್ ಹೊಡೆಯುತ್ತಿದ್ದರು. ಊರಿನವರಿಗೆ ಅವರ ಮಾತೆಂದರೆ ಗೌರವ. ಕಲ್ಲನ್ನು ಹನ್ನೆರಡೇ ಅಡಿ ಪೂರ್ವಕ್ಕೆ ಸರಿಸಲು ಗೌಡರನ್ನು ಒಪ್ಪಿಸಿ ಎಂದು ಬೇಡಿಕೊಂಡೆ, ಅವರ ಕಾಲು ಹಿಡಿಯುವುದೊಂದು ಬಾಕಿ.

ಅವರು ಮೀಸೆ ಸವರಿಕೊಂಡು, "ದಳವಾಯಿ ಅಂದ್ರೆ ಜನರಲ್ ಕಣ್ರೀ. ಬಾಯಿ ಮಾತಲ್ಲಿ ಸರ್ಕೊಳ್ಳಿ ಅಂದ್ರೆ ಸರ್ಕೋತಾರಾ? ಬರವಣಿಗೇಲಿ ಆರ್ಡರ್ ಕೊಡಿ" ಎಂದರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಟೈಪಿಸ್ಟ್ ಊಟಕ್ಕೆ ಹೋದಾಗ ನಾನೇ ಕೂತು ಟೈಪ್ ಮಾಡಿದೆ: 'ಆಡಳಿತದ ಹಿತದೃಷ್ಟಿಯಿಂದ ಶ್ರೀ ದಳವಾಯಿಯವರನ್ನು ಈಗಿರುವ ಸ್ಥಳದಿಂದ ಹನ್ನೆರಡು ಅಡಿ ಪೂರ್ವಕ್ಕೆ ವರ್ಗಾಯಿಸಲಾಗಿದೆ.' ಸುಬೇದಾರರು ಕಲ್ಲಿನ ಮುಂದೆ ನೆಟ್ಟಗೆ ನಿಂತು ಅದನ್ನು ಗಟ್ಟಿಯಾಗಿ ಓದಿದರು. ನನ್ನ ಆಳುಗಳು ಹಾರೆ ಎತ್ತಿಕೊಂಡರು.

"ಹಾರೆ ಇಳಿಸ್ರೋ!" ಎಂದು ಸುಬೇದಾರರು ಗುಡುಗಿದರು. ನನ್ನ ಕಡೆ ತಿರುಗಿ, "ಏನ್ರೀ ನೀವು, ಗವರ್ನಮೆಂಟ್ ಕೆಲಸದಲ್ಲಿದ್ದೂ ಗೊತ್ತಿಲ್ವಾ? ವರ್ಗ ಆದೋರಿಗೆ ಏಳು ದಿನ ಜಾಯಿನಿಂಗ್ ಟೈಮ್ ಇರುತ್ತೆ!" ಎಂದರು.

ಮಂತ್ರಿಗಳು ಬರಲು ಎಂಟು ದಿನವಿತ್ತು.

೪. ಸುಣ್ಣದ ಗುರುತು

ಏಳು ದಿನ ಮನೆಯಲ್ಲಿ ಬೀದರಿನ ಹವೆಯ ಬಗ್ಗೆಯೇ ಮಾತು. ಕೂಸಿಗೆ ಆ ಬಿಸಿಲು ಹೇಗೆ ತಡೆದೀತು ಎಂದು ಹೆಂಡತಿ ಕಣ್ಣೀರು ಹಾಕಿದಳು. ಎಂಟನೆಯ ಬೆಳಿಗ್ಗೆ ಆಳುಗಳೊಂದಿಗೆ ಹೋಗಿ, ಹನ್ನೆರಡು ಅಡಿ ಅಳೆದು ಸುಣ್ಣದಲ್ಲಿ ಗುರುತು ಹಾಕಿಸಿದೆ. ತಿರುಗಿ ನೋಡಿದರೆ ಗೌಡರು ದಳವಾಯಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸುತ್ತ ಶೆಡ್ಡಿನವರೆಲ್ಲ ಸೇರಿದ್ದರು.

"ಸತ್ತ ಜಾಗಕ್ಕೆ ಬೆಲೆ ಸಾರ್, ಕಲ್ಲಿಗಲ್ಲ. ಮೊದಲು ನನ್ನನ್ನ ಅಗೀರಿ" ಎಂದರು ಗೌಡರು.

ಗದ್ದಲ ಕೇಳಿ ಅವರ ಮುದಿ ತಾಯಿ ಕೋಲೂರಿಕೊಂಡು ಬಂದಳು. ವಿಷಯ ಕೇಳಿ ಮಗನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಇಲ್ಲಿ ಸತ್ತ ಅಂತ ನಿಂಗ್ಯಾವನ್ಲಾ ಏಳಿದ್ದು? ನಾನು ಮದ್ವೆಯಾಗಿ ಬಂದ ವರ್ಸ ಇದು ಒಲದ್ ನಡುವೆ ಇತ್ತು. ಉಳಕ್ಕೆ ಅಡ್ಡ ಆಯ್ತದೆ ಅಂತ ನಿಮ್ಮಪ್ಪನೇ ಎತ್ತು ಕಟ್ಟಿ ಎಳ್ಕೊಂಬಂದು ಇಲ್ಲಿ ನಿಲ್ಲಿಸ್ದ."

ಶಾಫ್ಟಿನ ಮಾಲೀಕರು ಮೆಲ್ಲಗೆ ಕೇಳಿದರು, "ಹೊಲದಲ್ಲಿ ಎಲ್ಲಿತ್ತವ್ವಾ?"

ಮುದುಕಿ ಕೋಲೆತ್ತಿ ಗೌಡರ ವಠಾರ ತೋರಿಸಿದಳು. "ಅಗೋ, ಆ ಮೂರನೇ ಮನೆ ಒಲೆ ಐತಲ್ಲ, ಸರಿಯಾಗಿ ಅಲ್ಲೇ."

"ಹಾಗಾದ್ರೆ ಸತ್ತ ಜಾಗಕ್ಕೇ ವಾಪಸ್ ನಿಲ್ಲಿಸೋಣ. ಮನೆ ಒಂದು ಒಡೆದ್ರಾಯ್ತು" ಎಂದರು ಶೆಡ್ಡಿನವರು. ನಾಲ್ಕೈದು ಜನ ಆಗಲೇ ವಠಾರದ ಕಡೆ ಹೊರಟರು.

ಗೌಡರು ದಿಗ್ಗನೆ ಎದ್ದರು. ಕೂತಿದ್ದಾಗ ಹತ್ತಿದ್ದ ಮಣ್ಣನ್ನೂ ಕೊಡವಿಕೊಳ್ಳದೆ ಎಲ್ಲರಿಗೂ ಅಡ್ಡ ನಿಂತರು.

"ಏಯ್, ನಿಂತ್ಕೊಳ್ರೋ! ದಳವಾಯಿ ಅಂದ್ಮೇಲೆ ಒಂದೇ ಕಡೆ ನಿಂತು ಯುದ್ಧ ಮಾಡ್ತಾನೇನ್ರೋ? ಕುದುರೆ ಮೇಲಿದ್ದೋನು! ಅಲ್ಲಿ ಏಟು ಬಿದ್ದೈತೆ, ಇಲ್ಲೀಗಂಟ ಬಂದವ್ನೆ, ಅಷ್ಟೇ." ಆಮೇಲೆ ಆಳಿನ ಕೈಯಿಂದ ತಾವೇ ಹಾರೆ ಕಿತ್ತುಕೊಂಡು ನನ್ನ ಕಡೆ ತಿರುಗಿದರು. "ಸಾರ್, ನಮ್ಮ ತಾತ ಹೇಳಿದ್ದು ಈಗ ಜ್ಞಾಪಕಕ್ಕೆ ಬಂತು. ಪ್ರಾಣ ಬಿಟ್ಟಿದ್ದು ಇಲ್ಲೂ ಅಲ್ಲ, ಅಲ್ಲೂ ಅಲ್ಲ. ಸರಿಯಾಗಿ ನೀವು ಸುಣ್ಣ ಹಾಕಿದ್ದೀರಲ್ಲ, ಅಲ್ಲೇ!"