ಹೊಗೆಯ ಭಾಷಾಂತರ

ಹವಾಮಾನ ಶಾಸ್ತ್ರವನ್ನು ಕಲಿಯಲು ವಿಜ್ಞಾನಿಗಳು ಆಕಾಶಕ್ಕೆ ಬಲೂನು ಹಾರಿಸುತ್ತಾರಂತೆ. ನಾನು ಒಣಹಾಕಿದ ಬಟ್ಟೆಯಿಂದ ಕಲಿತವಳು. ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಚಿಮಣಿಗೆ ಮುಖಮಾಡಿ ಸಂಸಾರ ಹೂಡಿದ ಹೆಂಗಸಿಗೆ ಬೇರೆ ಗುರು ಬೇಕಿಲ್ಲ. ಅಂದು ಬೆಳಿಗ್ಗೆಯೂ ಹಾಲು ಕಾಸಿ, ಮಕ್ಕಳಿಗೆ ಜಡೆ ಹಾಕಿ, ಮಾಳಿಗೆ ಹತ್ತಿ, ಹೊಗೆ ಯಾವ ಕಡೆ ಬಾಗಿದೆಯೆಂದು ನೋಡಿದೆ. ಹರಿಹರದ ಕಡೆ ಬಾಗಿತ್ತು. ಹರಿಹರದವರನ್ನು ದೇವರು ನೋಡಿಕೊಳ್ಳಲಿ ಎಂದು ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಾಳಿ ಮನಸ್ಸು ಬದಲಿಸಿತು. ಬೆಳ್ಳಗಿನ ಸಂಡಿಗೆಯ ಮೇಲೆ ಮಸಿ ನಾಜೂಕಾಗಿ ಉದುರಿತು. ಪಕ್ಕದ ಮಾಳಿಗೆಯಿಂದ ಗೌರಕ್ಕ ಇಣುಕಿ, "ಎಳ್ಳು ಹಾಕೀರೇನ್ರಿ? ಚಲೋ ಕಾಣ್ತಾವೆ ಬಿಡ್ರಿ" ಎಂದರು.

ಅದೇ ಮಧ್ಯಾಹ್ನ ಮಹಿಳಾ ಸಮಾಜದಲ್ಲಿ ಹವಾಮಾನದ ಬಗ್ಗೆ ಒಂದು ಸಾಕ್ಷ್ಯಚಿತ್ರವಿತ್ತು. ಮಾತೆಲ್ಲ ಇಂಗ್ಲಿಷ್. ನಮ್ಮ ಬೀದಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ಭಾಷಾಂತರ ನನ್ನ ಪಾಲಿಗೆ ಬಂತು. ಸಿಸ್ಟರುಗಳು ಅಷ್ಟು ವರ್ಷ ಕಷ್ಟಪಟ್ಟು ಕಲಿಸಿದ ಇಂಗ್ಲಿಷನ್ನು ನಾನು ಈವರೆಗೆ ಬಳಸಿದ್ದು ಕೆಮ್ಮಿನ ಔಷಧಿಯ ಸೀಸೆ ಓದಲು, ಮತ್ತು ಬೀದಿಯವರ ಟೆಲಿಗ್ರಾಂ ಓದಲು. ಟೆಲಿಗ್ರಾಂ ಎಂದರೆ ನಮ್ಮಲ್ಲಿ ಮೊದಲು ಅಳು, ಆಮೇಲೆ ಓದು. ಎಷ್ಟೋ ಸಲ ಮನೆಮಂದಿಯೆಲ್ಲ ಅತ್ತು ಮುಗಿಸಿದ ಮೇಲೆ, "ಗಂಡು ಮಗುವಂತೆ" ಎಂದು ನಾನು ಹೇಳಿದ್ದುಂಟು.

ನಮ್ಮ ಯಜಮಾನರು ಅದೇ ಗಿರಣಿಯ ಆಫೀಸಿನಲ್ಲಿ ಗುಮಾಸ್ತರು. ಹೆಡ್ ಕ್ಲಾರ್ಕ್ ಕುರ್ಚಿ ಆಗಷ್ಟೇ ಖಾಲಿಯಾಗಿತ್ತು. ಅದರ ಮೇಲೆ ಕೂರುವವರು ಯಾರೆಂದು ಗಿರಣಿಯ ಮಾಲೀಕರಾದ ಸಾಹುಕಾರರು ಆ ವಾರ ಹೇಳುವವರಿದ್ದರು. ಸಾಹುಕಾರರ ಹೆಂಡತಿಯೇ ಸಮಾಜದ ಅಧ್ಯಕ್ಷೆ. "ಅಮ್ಮಾವ್ರು ಮುಂದಿನ ಸಾಲಿನಲ್ಲೇ ಕೂತಿರ್ತಾರೆ. ಅವರಿಗೆ ಹಿತವಾಗೋ ಹಾಗೆ ಮಾತಾಡು" ಎಂದು ಯಜಮಾನರು ಊಟಕ್ಕೆ ಬಂದಾಗ ನನಗೆ ಹೇಳಿದರು, ಸಂಡಿಗೆಯ ವಿಷಯ ಮಾತ್ರ ಕೇಳಲಿಲ್ಲ.

ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದರು. ಬಲೂನು ಹಾರಿತು, ಮಂಜಿನ ಗುಡ್ಡ ಬಂತು, ನನ್ನ ಭಾಷಾಂತರ ನೀರಿನಂತೆ ಹರಿಯಿತು. ಆಮೇಲೆ ಪರದೆಯ ತುಂಬ ಒಂದು ಚಿಮಣಿ ಎದ್ದು ನಿಂತಿತು. ನಮ್ಮದರ ಅಣ್ಣನೋ ತಮ್ಮನೋ ಎನ್ನಬೇಕು, ಅಷ್ಟು ಹೋಲಿಕೆ. ಚಿತ್ರದಲ್ಲಿ ಮಾತಾಡುತ್ತಿದ್ದ ಗಡಸು ದನಿಯ ಮಹಾನುಭಾವ ಹೇಳಿದ್ದಿಷ್ಟು: ಕಾರ್ಖಾನೆಗಳ ಹೊಗೆಯಲ್ಲಿರುವ ಅನಿಲ ಭೂಮಿಗೆ ಕಂಬಳಿ ಹೊದಿಸುತ್ತದೆ, ಹೀಗೇ ಆದರೆ ಮುಂದೆ ಸೆಕೆ ಹೆಚ್ಚಿ, ಮಂಜು ಕರಗಿ, ಸಮುದ್ರ ಏರೀತು. "ಹೊಗೆಯಿಂದ ಸೆಕೆ ಹೆಚ್ಚಿ ಸಮುದ್ರ ಏರುತ್ತದಂತೆ" ಎನ್ನುವಷ್ಟನ್ನು ನಾನು ಕನ್ನಡಕ್ಕೆ ತಂದೆ.

ಮುಂದಿನ ಸಾಲಿನಲ್ಲಿ ಅಮ್ಮಾವ್ರ ವಜ್ರದ ಮೂಗುಬೊಟ್ಟು ನನ್ನ ಕಡೆ ತಿರುಗಿ ಮಿಂಚಿತು. "ಯಾವ ಹೊಗೆ ಅಂತೆ?" ಎಂದು ಕೇಳಿದರು.

ನನ್ನ ಕಣ್ಣ ಮುಂದೆ ಹೆಡ್ ಕ್ಲಾರ್ಕ್ ಕುರ್ಚಿ ಹಾದುಹೋಯಿತು. "ಒಲೆಯ ಹೊಗೆಯಂತೆ" ಎಂದೆ.

"ಒಲೆದಾ?" ಎಂದು ಹಿಂದಿನಿಂದ ಗೌರಕ್ಕನ ದನಿ ಬಂತು.

"ಹೌದು. ಹೆಂಗಸರು ಮೂರು ಹೊತ್ತೂ ಒಲೆ ಹಚ್ಚುತ್ತಾರಂತೆ. ಅದರಿಂದಲೇ ಭೂಮಿ ಕಾಯುತ್ತದಂತೆ." ಒಂದು ಸಲ ಶುರುವಾದ ಮೇಲೆ ಭಾಷಾಂತರಕ್ಕೆ ರೆಕ್ಕೆ ಬಂತು. ಹಸಿ ಸೌದೆ, ಬೆರಣಿ, ಸ್ನಾನದ ನೀರಿನ ಹಂಡೆ, ಯಾವುದನ್ನೂ ನಾನು ಬಿಡಲಿಲ್ಲ. ಪರದೆಯ ಮೇಲೆ ಚಿಮಣಿಗಳ ಸಾಲೇ ಹೊಗೆ ಕಾರುತ್ತಿತ್ತು.

ದೀಪ ಹತ್ತಿದ ಮೇಲೆ ಚರ್ಚೆ. ಒಬ್ಬಾಕೆ ಸೆರಗು ಬಾಯಿಗಿಟ್ಟು, "ಮಗಳನ್ನ ಹರಿಹರಕ್ಕೆ ಕೊಟ್ಟೀನಿ. ಅಲ್ಲೀತನ ಸಮುದ್ರ ಬರ್ತೈತೇನ್ರಿ?" ಎಂದು ಕೇಳಿದರು. "ಬರಲಿ ಬಿಡವ್ವ, ಉಪ್ಪು ಕೊಳ್ಳೋದಾದ್ರೂ ತಪ್ಪತೈತೆ" ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. "ರೊಟ್ಟಿ ಬಡಿಯೋದು ಬಿಟ್ರೆ ನಮ್ಮತ್ತೆ ನನ್ನನ್ನೇ ಬಡೀತಾಳೆ, ಸಮುದ್ರಕ್ಕಿಂತ ಅದು ಮೊದಲು" ಎಂದು ಮೂಲೆಯಿಂದ ಒಂದು ವೈಜ್ಞಾನಿಕ ಸಂದೇಹವೂ ಬಂತು. ಅಮ್ಮಾವ್ರಿಗೆ ಕರುಳು ಚುರ್ರೆಂದಿತು. ಭೂಮಿಯ ಹಿತಕ್ಕಾಗಿ ಸಮಾಜದ ಸದಸ್ಯರು ಸಂಜೆ ಒಲೆ ಹಚ್ಚಬಾರದು ಎಂದು ಅಲ್ಲೇ ನಿರ್ಣಯ ಮಾಡಿದರು. ಅವರ ಮನೆಯ ಅಡುಗೆಯವಳು ಸಮಾಜದ ಸದಸ್ಯೆಯಲ್ಲ, ಹಾಗಾಗಿ ಅವರಿಗೆ ತೊಂದರೆಯಿರಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ಎಷ್ಟು ಚೆನ್ನಾಗಿ ತಿಳಿಸಿ ಹೇಳಿದಿರಿ! ನಮ್ಮನೆಯವರಿಗೆ ಹೇಳ್ತೀನಿ" ಎಂದರು. ಕುರ್ಚಿಯ ಒಂದು ಕಾಲು ನಮ್ಮ ಮನೆ ಹೊಸಿಲು ದಾಟಿತೆಂದು ನಾನು ತಿಳಿದೆ.

ಸಂಜೆ ಯಜಮಾನರು ಆ ಸಂತೋಷಕ್ಕೆ ಬಿಸಿ ಮೆಣಸಿನಕಾಯಿ ಬೋಂಡ ಕೇಳಿದರು. ಭೂಮಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಅಡುಗೆಮನೆಯ ಕಿಟಕಿ ಮುಚ್ಚಿ ಒಲೆ ಹಚ್ಚಿದೆ. ಹೊಗೆ ಕಣ್ಣಿಗೆ ತುಂಬಿತು. ಬೋಂಡ ಕರಿದುಕೊಟ್ಟು, ಕೆಮ್ಮುತ್ತಾ ಮಾಳಿಗೆಗೆ ಹೋಗಿ ಸಂಡಿಗೆ ಬಿಡಿಸಲು ಕೂತೆ. ಪಕ್ಕದಲ್ಲಿ ಗೌರಕ್ಕ ಒಗೆದ ಬಟ್ಟೆ ಕೊಡವಿ ಮಸಿ ಉದುರಿಸುತ್ತಿದ್ದರು. ಗಿರಣಿಯ ಕೂಗು ಕೇಳಿಸಿತು. ರಾತ್ರಿ ಪಾಳಿಗೆಂದು ಚಿಮಣಿ ಹೊಸದಾಗಿ ಹೊಗೆ ಬಿಟ್ಟಿತು. ಗೌರಕ್ಕ ಹಣೆಗೆ ಕೈ ಅಡ್ಡ ಹಿಡಿದು ಅದನ್ನು ನೋಡಿ, ಮತ್ತೆ ಬಟ್ಟೆ ಮಡಚುತ್ತಾ ಅಂದರು:

"ಅಲ್ನೋಡ್ರಿ ಅಕ್ಕಾರೆ, ಆ ಉದ್ದನೆ ಒಲೆ ಯಾರ ಮನೇದೋ ಏನೋ. ಸಂಜಿ ಮುಂದ ಹಚ್ಚಬ್ಯಾಡ್ರಿ ಅಂತ ಅವರಿಗೆ ಯಾರೂ ಇಂಗ್ಲಿಷ್‌ನಾಗ ಹೇಳಿಲ್ಲ ಅಂತ ಕಾಣ್ತೈತೆ."