ನನ್ನ ಬೆರಳಿಗೆ ತಿಳಿಯದ ತರಿ ಇಲ್ಲ

ಸುಮ್ಮನೆ ಸೋಫಾ ಹೊಲಿದುಕೊಂಡು ಇರೋಣ ಅಂದರೂ ಆಗುವುದಿಲ್ಲ; ಏನು ಸವರಿದರೂ ಒಂದು ಕಥೆ ಕೈಗೆ ತಗಲುತ್ತದೆ. ಆರ್.ಟಿ. ನಗರದಲ್ಲಿ ನನ್ನದೊಂದು ಸೋಫಾ ಅಂಗಡಿ. ಬಟ್ಟೆಯಾಗಲಿ ಚರ್ಮವಾಗಲಿ, ಸಾಸಿವೆ ಚೆಲ್ಲಿದ ಹಾಗೆ ಮೈಯೆಲ್ಲ ತರಿತರಿಯಾಗಿರುತ್ತದಲ್ಲ, ಅದನ್ನು ಒಮ್ಮೆ ಮುಟ್ಟಿದರೆ ಸಾಕು, ಜಾತಕವನ್ನೇ ಹೇಳಿಬಿಡುತ್ತೇನೆ. ಹೆಬ್ಬಾಳದಿಂದ ಯಶವಂತಪುರದವರೆಗೆ ಇಂಥ ಬೆರಳು ಇನ್ನೊಂದಿಲ್ಲ. ಇದನ್ನು ನಂಬದವಳು ಒಬ್ಬಳೇ, ನನ್ನ ಹೆಂಡತಿ.

೧. ಇಸ್ತ್ರಿ

ಅವಳು ನಂಬದಿರುವುದಕ್ಕೆ ಕಾರಣ ಒಂದು ಕ್ರೇಪ್ ಸೀರೆ. ನೂಲನ್ನು ಬಿಗಿಯಾಗಿ ತಿರುಚಿ ನೇಯ್ದ ಸೀರೆ ಅದು, ಅದಕ್ಕೇ ಮೈಯೆಲ್ಲ ತರಿ. ಉಡುವ ಮೊದಲು ಬೀದಿಯ ಇಸ್ತ್ರಿಯವರಿಗೆ ಕೊಟ್ಟಳು. ಅವರು ಅರ್ಧ ದಿನ ಉಜ್ಜಿ, ಗಾಜಿನ ಹಾಗೆ ನುಣುಪು ಮಾಡಿ ತಂದರು.

"ಹೊಸ ಸೀರೇಲಿ ಇಷ್ಟೊಂದ್ ಸುಕ್ಕಾ ಅಕ್ಕ? ಒಂದೊಂದನ್ನೂ ಹುಡುಕಿ ಹುಡುಕಿ ತೆಗೆದಿದೀನಿ."

ಇವಳ ಕಣ್ಣಲ್ಲಿ ನೀರು. "ಅಳ್ಬೇಡ ಕಣೇ," ಅಂದೆ. "ನೀರಲ್ಲಿ ಅದ್ದಿದ್ರೆ ತರಿ ವಾಪಸ್ ಬರುತ್ತೆ. ಬೆರಳು ಹೇಳ್ತಿದೆ."

ಅದ್ದಿದೆ. ತರಿ ಬಂತು. ಬೆರಳು ಸುಳ್ಳು ಹೇಳಲಿಲ್ಲ. ಆದರೆ ಸೀರೆ ಕುಗ್ಗಿದ ಕುಗ್ಗಿಗೆ, ಈಗ ಅದನ್ನು ನಮ್ಮ ಟಿವಿ ಉಟ್ಟುಕೊಳ್ಳುತ್ತದೆ.

೨. ಕೆನ್ನೆ

ಬ್ಯಾಟರಾಯನಪುರದ ಒಂದು ಮನೆಗೆ ದಪ್ಪ ತರಿಯ ರೆಕ್ಸಿನ್ ಸೋಫಾ ಮಾಡಿಕೊಟ್ಟೆ. ಮಾರನೆಯ ಮಧ್ಯಾಹ್ನವೇ ಆ ಮನೆ ಸೊಸೆಯ ಫೋನು. "ಏನ್ ಸೋಫಾ ಕೊಟ್ರಿ? ನಮ್ಮತ್ತೆಗೆ ಕೆನ್ನೆ ತುಂಬ ಗುಳ್ಳೆ ಎದ್ದಿದೆ. ಆಸ್ಪತ್ರೆಗೆ ಹೊರಟಿದೀವಿ, ನೀವೂ ಬನ್ನಿ."

ಆಸ್ಪತ್ರೆಗೆ ಓಡಿದೆ. ಅವರ ಆಟೋ ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ಕೊನೆಗೆ ಬಂತು. ಡಾಕ್ಟರ ಮುಂದೆ ಕೂತಾಗ ಅಜ್ಜಿಯ ಕೆನ್ನೆ ಬೆಣ್ಣೆಯಂತಿತ್ತು.

"ಊಟ ಮಾಡಿ ಸೋಫಾಗೆ ಕೆನ್ನೆ ಒತ್ತಿ ಮಗ್ಗುಲಾಗಿದ್ದೆ, ಅಷ್ಟೇಯ," ಅಂದರು ಅಜ್ಜಿ.

ಡಾಕ್ಟರು ನಮ್ಮೆಲ್ಲರ ಮುಖ ನೋಡಿದರು. "ಇಷ್ಟು ಬೇಗ ವಾಸಿಯಾಗೋಕೆ ಏನ್ ಕೊಟ್ರಿ?"

"ಹೆಬ್ಬಾಳದ ಫ್ಲೈಓವರ್ ಸಾರ್," ಅಂದೆ ನಾನು.

೩. ಕಣ್ಣಿಗೆ ಟವೆಲ್

ಒಂದು ವರ್ಷ ನಮ್ಮ ಎದುರಿಗೇ ದೊಡ್ಡ ಶೋರೂಮ್ ಬಂತು. ಗಿರಾಕಿಗಳೆಲ್ಲ ರಸ್ತೆಯ ಆ ಕಡೆಗೇ. ಇನ್ನು ಬಾಗಿಲು ಹಾಕುವುದೇ ಅನ್ನುವ ಹೊತ್ತಿಗೆ ಯಲಹಂಕದ ಒಂದು ದೊಡ್ಡ ಮನೆಯಿಂದ ಕರೆ ಬಂತು. ಮೂರು ಹಾಲ್‌ಗೆ ಆಗುವಷ್ಟು ಸೋಫಾ, ಕುರ್ಚಿ. ಸಿಕ್ಕರೆ ಅಂಗಡಿ ಉಳಿಯುತ್ತದೆ. ನಾನು ಜಂಬ ಕೊಚ್ಚದಂತೆ ಕಾಯಲು ಹೆಂಡತಿಯೂ ಜೊತೆಗೆ ಬಂದಳು.

ಅವಳು ಚಪ್ಪಲಿ ಬಿಡುವಷ್ಟರಲ್ಲಿ ಕೊಚ್ಚಿಬಿಟ್ಟಿದ್ದೆ.

"ಹಂಗಾದ್ರೆ ಕಣ್ಣು ಕಟ್ಕೊಂಡು ಹೇಳಿ," ಅಂದರು ಮನೆಯ ಯಜಮಾನರು. "ತಪ್ಪಿದ್ರೆ ಆರ್ಡರ್ ನಿಮ್ಮ ಎದುರಿನವ್ರಿಗೆ."

ಟವೆಲ್ ಕಟ್ಟಿ, ಕೈ ಹಿಡಿದು ಹಾಲ್‌ಗೆ ಕರೆದೊಯ್ದರು. ಮೊದಲನೇ ಕುರ್ಚಿ ಮುಟ್ಟಿದೆ. "ರೆಕ್ಸಿನ್. ತರಿಯೆಲ್ಲ ಒಂದೇ ಅಳತೆ, ಅಚ್ಚು ಒತ್ತಿದ್ದು." ಸರಿ ಅಂದರು. ಎರಡನೆಯದು ನೇಯ್ದ ಬಟ್ಟೆ. ಅದೂ ಸರಿ.

ನಾನು ಉಬ್ಬಿಹೋದೆ. ಯಾರೂ ಕೈ ಹಿಡಿಯುವುದು ಬೇಡ ಎಂದು ನಾನೇ ಮುಂದೆ ಹೋಗಿ, ಮೂರನೇ ಕುರ್ಚಿಯ ತೋಳು ಸವರಿದೆ. ಆಹಾ, ಎಂಥ ತರಿ. ಒಂದರ ಹಾಗೆ ಇನ್ನೊಂದಿಲ್ಲ.

"ಇದು ಅಸಲಿ ಚರ್ಮ ಸ್ವಾಮಿ. ಎಮ್ಮೇದು. ನಲವತ್ತು ವರ್ಷದ್ದು. ಎಣ್ಣೆ ಕಾಣದೆ ಒಣಗಿದೆ, ಆದ್ರೂ ಇನ್ನೂ ಗಟ್ಟಿಯಾಗಿದೆ."

ಹೆಂಡತಿಯೇ ಬಂದು ಟವೆಲ್ ಕಿತ್ತಳು. ನಾನು ಸವರುತ್ತಿದ್ದದ್ದು ಆ ಕುರ್ಚಿಯಲ್ಲಿ ಕೂತಿದ್ದ ಯಜಮಾನರ ತಂದೆಯ ಮೊಣಕೈ.

ಯಜಮಾನರ ಮುಖ ಕೆಂಪಾಯಿತು. ಹೋಯಿತು ಅಂಗಡಿ ಅಂದುಕೊಂಡೆ. ಹಿರಿಯರು ಮಾತ್ರ ಮೊಣಕೈಯನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು.

"ಎಮ್ಮೆ ಅಂದದ್ದು ಇರ್ಲಿ ಬುಡು ಮಗ," ಅಂದರು. "ನಂಗೆ ಎಪ್ಪತ್ತೆಂಟು. ಇವ್ರು ನಲವತ್ತು ಅಂದವ್ರೆ. ಆರ್ಡರ್ ಇವ್ರಿಗೇ ಕೊಡು."