ಪೆರುಮಾಳರ ಪಾಸ್‌ಪೋರ್ಟ್

ದೋಸೆ ಹಿಟ್ಟು ರುಬ್ಬಿ ಮಾರುವವನಿಗೆ ಪರದೇಶದ ವೀಸಾ ಒಂದು ಲೆಕ್ಕವೇ ಎಂದು ನಾನು ಮೀಸೆ ತಿರುವಿದ್ದು ನಿಜ. ಏಕೆಂದರೆ ನಾನು ಹೊರಟಿದ್ದು ಸುಮ್ಮನೆ ಊರು ನೋಡಲು ಅಲ್ಲ, ಉದ್ಯಮಿಯಾಗಿ! ಬನ್ನಿ, ಬಂಡವಾಳ ಹಾಕಿ, ನಾಲ್ಕು ಜನಕ್ಕೆ ಕೆಲಸ ಕೊಡಿ, ಇಲ್ಲೇ ಇದ್ದುಬಿಡಿ ಎಂದು ಆ ದೇಶದವರೇ ಬಾಗಿಲು ತೆರೆದು ಕರೆಯುತ್ತಾರಂತೆ. ಕರೆದವರ ಮನೆಗೆ ಹೋಗದಿರುವುದು ನಮ್ಮ ವಂಶದಲ್ಲೇ ಇಲ್ಲ.

ದೇಶದ ಹೆಸರು ಮಾತ್ರ ಹೇಳಲಾರೆ. ಮುಂದೆ ನಡೆದದ್ದನ್ನು ಓದಿದರೆ ಅವರಿಗೇ ಮುಜುಗರವಾದೀತು. ಚಳಿ ದೇಶ ಎಂದಷ್ಟು ತಿಳಿದುಕೊಂಡರೆ ಸಾಕು. ನನ್ನ ಹೆಂಡತಿ ಪದ್ಮಾಳ ತಂಗಿ ಅಲ್ಲಿದ್ದಾಳೆ. ಒಂದು ದಿನ ಅವಳು ಫೋನಿನಲ್ಲಿ, "ಅಕ್ಕಾ, ಇಲ್ಲಿ ಹಿಟ್ಟು ಉಬ್ಬೋದೇ ಇಲ್ಲ ಕಣೇ. ದೋಸೆ ಹುಯ್ದರೆ ರಟ್ಟು!" ಎಂದು ಅತ್ತುಬಿಟ್ಟಳು. ಫೋನು ಇಟ್ಟ ಮೇಲೆ ಪದ್ಮಾ ನನ್ನ ಕಡೆ ತಿರುಗಿದಳು.

"ರೀ, ಮದುವೆ ಆಗಿ ಬಂದಾಗಿನಿಂದ ಮಾವನವರು ಶುರು ಮಾಡಿದ್ದನ್ನೇ ನಡೆಸ್ಕೊಂಡು ಬಂದಿದೀನಿ. ನಾನೇ ಮೊದಲಿಂದ ಒಂದು ಕಟ್ಟಬೇಕು ಅಂತ ಆಸೆ. ಅಲ್ಲಿ ಹೋಗಿ ಕಟ್ಟೋಣ್ವಾ?"

ಅವಳು ನನ್ನನ್ನು ಸೀರೆ ಕೇಳಿದವಳಲ್ಲ, ಒಡವೆ ಕೇಳಿದವಳಲ್ಲ. ಕೇಳಿದ್ದು ಇದೊಂದೇ. "ಆಯ್ತು, ನಾನಿದೀನಿ!" ಎಂದೆ. ಎಲ್ಲ ಅನಾಹುತಗಳೂ ಸಾಮಾನ್ಯವಾಗಿ ಈ ಮಾತಿನಿಂದಲೇ ಶುರುವಾಗುತ್ತವೆ.

ನಮ್ಮ ಮದರಾಸಿನ ನುಂಗಂಬಾಕ್ಕಂನಲ್ಲಿ ಆರೋಕ್ಯರಾಜ್ ಎಂಬ ವೀಸಾ ಸಲಹೆಗಾರ ಸಿಕ್ಕಿದ. ಟೈ ಕಟ್ಟಿದ ಸಲಹೆಗಾರ. ನಮ್ಮ ವ್ಯಾಪಾರ ನನ್ನ ಮತ್ತು ಪದ್ಮಾಳ ಹೆಸರಿನಲ್ಲಿ ಸರಿಪಾಲು ಎಂದು ತಿಳಿದು ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಸೂಪರ್ ಸಾರ್! ನೀವು ಮುಖ್ಯ ಅರ್ಜಿದಾರರು, ಮೇಡಂ ನಿಮ್ಮ ಜೊತೆ. ಅವರು ನೋಡೋದು ಒಂದೇ. ಈ ಮನುಷ್ಯ ನಿಜವಾದ ಮಾಲೀಕನಾ, ತಾನೇ ನಿಂತು ನಡೆಸ್ತಾನಾ ಅಂತ. ಅದರಲ್ಲಿ ಡೌಟ್ ಬಂತೋ, ಅರ್ಜಿ ತಳ್ಳಿಹಾಕ್ತಾರೆ. ಆಮೇಲೆ ಈ ದಾರಿ ಮರೆತುಬಿಡಿ. ಕವಲೈಪಡಾದೀಂಗ ಸಾರ್, ನಿಮಗೆ ಯಾವ ಚಿಂತೆಯೂ ಇಲ್ಲ."

ನಾನು ಮಾಲೀಕನಲ್ಲದೆ ಇನ್ನೇನು! ಅಂದು ಸಂಜೆಯೇ ಬೀದಿಗೆಲ್ಲ ಸುದ್ದಿ ಮುಟ್ಟಿಸಿದೆ. ಎದುರುಮನೆ ಮಾಮಿ ಕಣ್ಣಲ್ಲಿ ನೀರು ಹಾಕಿಕೊಂಡು ಒಂದು ಉಣ್ಣೆಯ ಕುಲಾವಿ ತಂದುಕೊಟ್ಟರು. ಬಡಾವಣೆಯ ಸಂಘದವರು ಬೀಳ್ಕೊಡುಗೆ ಸಮಾರಂಭ ಇಟ್ಟು ಶಾಲು ಹೊದಿಸಿದರು. ನಮ್ಮ ಕ್ರೋಂಪೇಟೆಯ ಮೇ ತಿಂಗಳ ಸೆಕೆಯಲ್ಲಿ ಕುಲಾವಿ, ಶಾಲು ಎರಡನ್ನೂ ತೊಟ್ಟು ನಾನು ಭಾಷಣ ಮಾಡಿದೆ. ಅರ್ಜಿಯನ್ನು ಇನ್ನೂ ಕಳಿಸಿರಲಿಲ್ಲ!

ಇಲ್ಲಿ ನಮ್ಮ ಮನೆಯ ಪದ್ಧತಿಯ ಬಗ್ಗೆ ಒಂದು ಮಾತು. ನಾವು ಶ್ರೀವೈಷ್ಣವರು. ಮೈಸೂರಿನ ಕಡೆಯಿಂದ ತಾತನ ಕಾಲದಲ್ಲೇ ಮದರಾಸಿಗೆ ಬಂದು ನೆಲೆಸಿದವರು. 'ನಾನು' ಎನ್ನುವುದು ಅಹಂಕಾರ ಎಂದು ನಮ್ಮ ಹಿರಿಯರು 'ಅಡಿಯೇನ್' ಎನ್ನುತ್ತಿದ್ದರು. ನಿಮ್ಮ ಅಡಿದಾಸ ಎಂದು ಅರ್ಥ. ನಮ್ಮಪ್ಪ ಹಿಟ್ಟಿನ ವ್ಯಾಪಾರ ಶುರು ಮಾಡಿದ ದಿನವೇ ಅದನ್ನು ನಮ್ಮ ಮನೆದೇವರು ಪೆರುಮಾಳರ ಪಾದಕ್ಕೆ ಒಪ್ಪಿಸಿಬಿಟ್ಟರು. ಕೆಳಗೆ ಹಿಟ್ಟಿನ ಕಾರ್ಖಾನೆ, ಮೇಲೆ ಮನೆ, ಮನೆಯಲ್ಲಿ ಪೆರುಮಾಳರ ಕೋಣೆ. ಲಾಭದಲ್ಲಿ ಅವರ ಪಾಲನ್ನು ತೆಗೆದಿಟ್ಟು ಪುರಟಾಸಿ ತಿಂಗಳ ಶನಿವಾರಗಳಲ್ಲಿ ಬಂದವರಿಗೆಲ್ಲ ಊಟ ಹಾಕುತ್ತೇವೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅಪ್ಪ ದಪ್ಪಕ್ಷರದಲ್ಲಿ ಬರೆಸಿದ್ದು ಹೀಗೆ: 'ಮಾಲೀಕರು: ಶ್ರೀನಿವಾಸ ಪೆರುಮಾಳ್.' ಅದನ್ನು ಇಂಗ್ಲಿಷಿನಲ್ಲೂ ಬರೆಸಿ ಚೆಂದ ಮಾಡಿದ ಕೀರ್ತಿ ನನ್ನದು.

ಯಾರಾದರೂ "ಎಷ್ಟು ದೊಡ್ಡ ವ್ಯಾಪಾರ ಸಾರ್ ನಿಮ್ದು!" ಎಂದರೆ ನಾನು ಕೈಮುಗಿದು, ಕಣ್ಣನ್ನು ಅರ್ಧ ಮುಚ್ಚಿ, "ನಂದೇನಿದೆ? ಎಲ್ಲಾ ಅವನದು. ನಾನು ಬರೀ ಸೇವಕ" ಎನ್ನುತ್ತಿದ್ದೆ. ಆಗ ಎದುರಿನವರು "ಛೆ ಛೆ, ಎಂಥಾ ದೊಡ್ಡ ಗುಣ!" ಎನ್ನಬೇಕು. ಅಂದೇ ಅನ್ನುತ್ತಿದ್ದರು. ಅದು ನಮ್ಮೂರಿನ ಒಪ್ಪಂದ.

ಅರ್ಜಿ ಹೋಯಿತು. ಕಾರ್ಖಾನೆ ನಿಜವಾಗಿ ಇದೆಯೇ ಎಂದು ನೋಡಲು ದಿಲ್ಲಿಯ ಅವರ ರಾಯಭಾರ ಕಚೇರಿಯಿಂದ ಒಬ್ಬ ಬಂದ. ಅವನು ಬಂದಾಗ ನಾನು ಮೇಲೆ ಕೋಟು ಹುಡುಕುತ್ತಿದ್ದೆ. ಕೆಳಗೆ ಸಿಕ್ಕಿದ್ದು ನಮ್ಮಲ್ಲಿ ವರ್ಷಗಳಿಂದ ಕೆಲಸ ಮಾಡುವ ಸೆಲ್ವಿ. ನಾನು ಕೋಟು ತೊಟ್ಟು ಮೆಟ್ಟಿಲು ಇಳಿಯುವಾಗ ಕೇಳಿಸಿದ್ದು ಇಷ್ಟು:

"ಓನರ್ ಎಲ್ಲಿ?"

"ಮೇಲೆ ಇದ್ದಾರೆ ಸಾರ್," ಎಂದಳು ಸೆಲ್ವಿ ತನ್ನ ಮುರುಕು ಇಂಗ್ಲಿಷಿನಲ್ಲಿ.

"ಕೆಳಗೆ ಬರ್ತಾರಾ?"

"ಅವರು ಬರಲ್ಲ. ನಾವೇ ಹೋಗ್ಬೇಕು. ಬೆಳಿಗ್ಗೆ ಸ್ನಾನ ಮಾಡಿಸಿ, ಬಟ್ಟೆ ಉಡಿಸಿ, ಮೊದಲ ಹಿಟ್ಟಿನ ದೋಸೆ ಕೊಡ್ತಾರೆ. ಆಮೇಲೆ ಬಾಗಿಲು ಹಾಕ್ತಾರೆ."

ದಿಲ್ಲಿಯವನು ಗಾಬರಿಯಿಂದ ಮೇಲಕ್ಕೆ ನೋಡಿದ. ಅಲ್ಲಿ ಕೋಟು ತೊಟ್ಟ ನಾನು ನಿಂತಿದ್ದೆ. "ನೀವೇನಾ ಓನರ್?" ಎಂದ. ನಾಲಿಗೆಗೆ ಅಭ್ಯಾಸ ನೋಡಿ! ಕೈಗಳು ತಾವಾಗಿಯೇ ಕೂಡಿಕೊಂಡವು, ಕಣ್ಣು ಅರ್ಧ ಮುಚ್ಚಿತು. "ನಾನೇನು ಸಾರ್, ಬರೀ ಸೇವಕ," ಎಂದೆ. ಅವನು "ಛೆ ಛೆ" ಎನ್ನಲಿಲ್ಲ. ಬೋರ್ಡಿನ ಫೋಟೋ ತೆಗೆದುಕೊಂಡು ಹೋದ.

ಕೆಲವೇ ದಿನಕ್ಕೆ ಆರೋಕ್ಯರಾಜನ ಫೋನು. ಟೈ ಬಿಗಿದ ಧ್ವನಿ.

"ಸಾರ್, ಯಾರು ಸಾರ್ ಅದು ಪೆರುಮಾಳ್? ಅವರ ಪಾಸ್‌ಪೋರ್ಟ್ ಕಾಪಿ, ವಿದ್ಯಾರ್ಹತೆ, ಆರೋಗ್ಯದ ಸರ್ಟಿಫಿಕೇಟ್ ಎಲ್ಲಾ ಕೇಳಿದಾರೆ. ಅವರನ್ನ ಮನೇಲಿ ಕೂಡಿಹಾಕಿ ನೀವು ಆಸ್ತಿ ಹೊಡೀತಿದೀರಾ ಅಂತಾನೂ ಡೌಟು!"

"ಅಯ್ಯೋ, ದೇವರು ರೀ!"

"ದೇವರು ಅಂತ ನನಗೆ ಗೊತ್ತಾಯ್ತು ಸಾರ್. ಅವರಿಗೆ ಯಾರು ಹೇಳೋದು?"

ಬರೆದು ತಿಳಿಸಿದ್ದಾಯಿತು. ಅದಕ್ಕೆ ಉತ್ತರವಾಗಿ, ಗಂಡ ಹೆಂಡತಿ ಇಬ್ಬರೂ ವೀಡಿಯೋ ಸಂದರ್ಶನಕ್ಕೆ ಕೂರಬೇಕೆಂದು ಹೇಳಿಕಳಿಸಿದರು. ಪದ್ಮಾ ತಂಗಿಯ ಊರಲ್ಲಿ ನೋಡಿಟ್ಟಿದ್ದ ಮಳಿಗೆಯ ಫೋಟೋವನ್ನು ಮೊಬೈಲಿನಲ್ಲಿ ತೆರೆದು ನೋಡಿ, ಮುಚ್ಚಿದಳು.

ಆರೋಕ್ಯರಾಜ್ ನನಗೆ ಪಾಠ ಮಾಡಿದ. "ಒಂದೇ ವಾಕ್ಯ ಸಾರ್. 'ಐ ಆಮ್ ದಿ ಓನರ್.' ಅಷ್ಟೇ. ಕೈ ಮುಗೀಬಾರದು. ಮೇಲೆ ನೋಡಬಾರದು." ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡತೊಡಗಿದೆ. ಅಮ್ಮ ಬಂದು ಹಿಂದೆ ನಿಂತರು.

"ಏನೋ ಅದು, ಓನರ್ ಓನರ್ ಅಂತ ಬಡ್ಕೊಳ್ತಿದೀಯ? ನಿಮ್ಮಪ್ಪ ಸಾಯೋವರೆಗೂ ಬಾಯಲ್ಲಿ ತರದ ಮಾತು! ಪೆರುಮಾಳ್ ಪಕ್ಕದ ಕೋಣೇಲೇ ಕೇಳಿಸ್ಕೊಳ್ತಾ ಇರ್ತಾನೆ."

"ವೀಸಾಕ್ಕೋಸ್ಕರ ಅಮ್ಮ. ಒಂದು ಸಲ."

"ವೀಸಾ ಕೊಡೋನೂ ಅವನೇ ಅಲ್ವೇನೋ?"

ನುಂಗಂಬಾಕ್ಕಂನ ಪಾಠದಲ್ಲಿ ಇದು ಬಂದಿರಲಿಲ್ಲ. ಆದರೆ ನಾನು ಬುದ್ಧಿವಂತ. ಸಂದರ್ಶನದ ದಿನ ಪೆರುಮಾಳರ ಕೋಣೆಯ ಬಾಗಿಲು ಮುಚ್ಚಿ, ಪರದೆ ಎಳೆದು, ಸಂದಿಗೆ ಮಾಮಿ ಕೊಟ್ಟ ಕುಲಾವಿ ತುರುಕಿದೆ. ಸಾಲದ್ದಕ್ಕೆ ಕೆಳಗಿನ ಗ್ರೈಂಡರುಗಳನ್ನೆಲ್ಲ ಒಟ್ಟಿಗೆ ಓಡಿಸಲು ಸೆಲ್ವಿಗೆ ಹೇಳಿದೆ. ದೇವರಿಗೆ ಏನೂ ಕೇಳಿಸಬಾರದು!

ತೆರೆಯ ಮೇಲೆ ಬಂದಾಕೆ ಬಿಳಿ ಕೂದಲಿನ, ಸಮಾಧಾನದ ಅಧಿಕಾರಿ. ನನಗೆ ಮಾತ್ರ ಆಕೆ ಹೇಳುವುದೊಂದೂ ಕೇಳಿಸುತ್ತಿಲ್ಲ! ಗ್ರೈಂಡರುಗಳ ಸದ್ದಿಗೆ ಮೇಜಿನ ಮೇಲಿನ ಲೋಟವೇ ಕುಣಿಯುತ್ತಿತ್ತು. ಪದ್ಮಾ ನನ್ನನ್ನು ಒಂದು ನೋಟ ನೋಡಿ, ಕೆಳಗೆ ಓಡಿ, ಎಲ್ಲವನ್ನೂ ನಿಲ್ಲಿಸಿ ಬಂದಳು. ಮನೆ ನಿಶ್ಶಬ್ದವಾಯಿತು. ಸರಿಯಾಗಿ ಆಗ ಅಧಿಕಾರಿ ಕೇಳಿದರು:

"ಹೇಳಿ, ಈ ವ್ಯಾಪಾರದ ಮಾಲೀಕರು ಯಾರು?"

ನಾನು ಎದೆ ಉಬ್ಬಿಸಿದೆ. "ಐ ಆಮ್ ದಿ..."

ಪೆರುಮಾಳರ ಕೋಣೆಯೊಳಗೆ ಗಂಟೆ ಮೊಳಗಿತು. ಅಮ್ಮ! ಬಾಗಿಲು ಮುಚ್ಚುವ ಮೊದಲೇ ಒಳಗೆ ಹೋಗಿ ಕೂತು, ಮಗನಿಗೆ ವೀಸಾ ಸಿಗಲೆಂದು ಅರ್ಚನೆ ಮಾಡುತ್ತಿದ್ದರು. ಮಂಗಳಾರತಿ ಗಂಟೆ ಕೇಳಿದ ಮೇಲೆ ನನ್ನ ಕೈ ನನ್ನ ಮಾತು ಕೇಳುತ್ತದೆಯೇ? ಎರಡೂ ಕೈ ಕೂಡಿಕೊಂಡು ತಲೆಯ ಮೇಲೆ ಹೋದವು.

"...ಸರ್ವೆಂಟ್," ಎಂದೆ. "ಐ ಆಮ್ ದಿ ಸರ್ವೆಂಟ್, ಮೇಡಂ. ಬರೀ ಸೇವಕ."

ಅಧಿಕಾರಿ ಬರೆದುಕೊಂಡರು. "ಹಾಗಾದರೆ ನಿರ್ಧಾರಗಳನ್ನು ಯಾರು ತೆಗೆದುಕೊಳ್ಳುತ್ತಾರೆ?"

"ಅವನೇ ಮೇಡಂ. ನಮ್ಮದೇನಿದೆ?"

"ನಷ್ಟವಾದರೆ?"

"ಅದೂ ಅವನದೇ!"

ಮುಗಿಯಿತು. ಶಾಲು, ಕುಲಾವಿ, ಬೀಳ್ಕೊಡುಗೆ ಎಲ್ಲ ಕಣ್ಣ ಮುಂದೆ ಹಾದುಹೋದವು. ಬೀದಿಯಲ್ಲಿ ಇನ್ನು ತಲೆ ಎತ್ತುವ ಹಾಗಿಲ್ಲ. ಅದಕ್ಕಿಂತ, ಪಕ್ಕದಲ್ಲಿ ಕೂತವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳ ಒಂದೇ ಒಂದು ಆಸೆಯನ್ನು ನನ್ನ ಎರಡು ಕೈಗಳಿಂದ, ಅದೂ ಜೋಡಿಸಿದ ಕೈಗಳಿಂದ, ಕೊಂದಿದ್ದೆ.

ಅಧಿಕಾರಿ ಪದ್ಮಾಳ ಕಡೆ ತಿರುಗಿದರು. "ನೀವು ಹೇಳಿ. ಮಾಲೀಕರು ಯಾರು?"

ಪದ್ಮಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಕೈ ಮುಗಿಯಲಿಲ್ಲ. ಮೇಲೆ ನೋಡಲಿಲ್ಲ.

"ನಾನು," ಎಂದಳು.

ಒಳಗೆ ಗಂಟೆ ನಿಂತಿತು. ಪದ್ಮಾ ಮುಂದುವರಿಸಿದಳು. "ಅರ್ಧ ನನ್ನದು, ಅರ್ಧ ಇವರದು. ದೇವರ ಪಾಲು ಅಂತ ಎತ್ತಿಟ್ಟು ಬಂದವರಿಗೆಲ್ಲ ಊಟ ಹಾಕ್ತೀವಿ. ನಿಮ್ಮೂರಿಗೆ ಬಂದರೂ ಹಾಕ್ತೀನಿ, ನೀವೂ ಬನ್ನಿ. ಅಕ್ಕಿ ಉದ್ದು ಆರಿಸೋದು, ಜನರನ್ನ ಇಡೋದು, ಅಂಗಡಿಗಳ ಜೊತೆ ಮಾತಾಡೋದು ನಾನು. ಲಾಭ ಬಂದ್ರೆ ದೇವರು ಕೊಟ್ಟದ್ದು, ನಷ್ಟ ಬಂದ್ರೆ ತಪ್ಪು ನಂದು. ನೀವು ನನ್ನನ್ನೇ ಕೇಳ್ಬಹುದು."

ಅಧಿಕಾರಿ ಮೊದಲ ಬಾರಿಗೆ ನಕ್ಕರು. ಆಮೇಲೆ ಅವರಿಬ್ಬರೂ ಚಳಿಯಲ್ಲಿ ಹಿಟ್ಟು ಉಬ್ಬಿಸುವುದು ಹೇಗೆಂದು ಬಹಳ ಹೊತ್ತು ಮಾತಾಡಿದರು. ನಾನು ನಡುವೆ ಒಮ್ಮೆ ಕೆಮ್ಮಿದೆ. ಯಾರೂ ತಿರುಗಿ ನೋಡಲಿಲ್ಲ.

ಕಾದೆವು. ಕೊನೆಗೊಂದು ಮಧ್ಯಾಹ್ನ ಆರೋಕ್ಯರಾಜನ ಫೋನು ಬಂತು. "ಸಾರ್! ವೀಸಾ ಆಯ್ತು ಸಾರ್!" ಎಂದು ಕಿರುಚಿದ. ಪದ್ಮಾ ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದು ಅತ್ತಳು. ಅಮ್ಮ "ನಾನು ಹೇಳ್ಲಿಲ್ವಾ, ಕೊಡೋನು ಅವನೇ ಅಂತ!" ಎಂದು ತುಪ್ಪದ ದೀಪ ಹಚ್ಚಿದರು. ನಾನು ಬೀದಿಗೆ ಹಾರಿ, ಕಂಡವರಿಗೆಲ್ಲ ಮೈಸೂರುಪಾಕು ಹಂಚಿ, ಸಂಘದ ಅಧ್ಯಕ್ಷರನ್ನು ತಬ್ಬಿಕೊಂಡು, "ನೋಡಿದ್ರಾ, ಉದ್ಯಮಿ ಅಂದ್ರೆ ಹೀಗೆ!" ಎಂದು ಕೂಗಿದೆ. ಗೆದ್ದೆವು ಸ್ವಾಮಿ, ಗೆದ್ದೆವು!

ಎಲ್ಲರನ್ನೂ ಕರೆದುಕೊಂಡು ಮನೆಗೆ ಬಂದು, ಆರೋಕ್ಯರಾಜನಿಗೆ ಮತ್ತೆ ಫೋನು ಮಾಡಿ, ವಿವರಗಳನ್ನು ಓದಿ ಎಂದೆ. ಬೀದಿಯವರಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ.

"ಮುಖ್ಯ ಅರ್ಜಿದಾರರು, ಉದ್ಯಮದ ಮಾಲೀಕರು: ಪದ್ಮಾ ಮೇಡಂ. ಮೇಡಂ ಜೊತೆ ಹೋಗಬಹುದಾದವರು: ನೀವು ಸಾರ್. ಉದ್ಯೋಗ ಅನ್ನೋ ಕಡೆ ಸೇವಕ ಅಂತ ಹಾಕಿದಾರೆ."

"ಸೇವಕನಾ? ಯಾವನ್ರೀ ಅವರಿಗೆ ಹಾಗಂತ ಹೇಳಿದ್ದು?"

"ನೀವೇ ಸಾರ್. ಕೈ ಮುಗಿದು."

ಮಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪದ್ಮಾ ಮಾತ್ರ ನಗದೆ, "ಇರ್ಲಿ ಬಿಡಿ, ಸಂಬಳ ಸರಿಯಾಗಿ ಕೊಡ್ತೀನಿ," ಎಂದಳು.

ಇಷ್ಟು ವರ್ಷ ನಾನು ಬರೀ ಸೇವಕ, ನಾನು ಬರೀ ಸೇವಕ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಒಬ್ಬರೂ ನಂಬಲಿಲ್ಲ. ಎಲ್ಲೋ ಚಳಿ ದೇಶದ ಆ ಪುಣ್ಯಾತ್ಗಿತ್ತಿಯೊಬ್ಬಳು ಮಾತ್ರ ನಂಬಿ, ಸಹಿ ಹಾಕಿ, ಮುದ್ರೆ ಒತ್ತಿ ಕಳಿಸಿದಳು. ನಿಜವಾದ ಭಕ್ತನಾಗಿದ್ದರೆ ಅದನ್ನು ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು!